ಸೆಲ್ಲೋಟೇಪಿಗೆ ಅಂಟಿದ ದದ್ದುಗಳು

ಹೋದ ತಿಂಗಳು ಏಳು ವರ್ಷದ ಒಬ್ಬ ಹುಡುಗ ನಮ್ಮ ಕ್ಲಿನಿಕ್ಕಿಗೆ ಬಂದಿದ್ದ. ಹರಿಹರದ ಕಡೆಯ ಹಳ್ಳಿ. ಜೊತೆಯಲ್ಲಿ ತಾಯಿ ಮತ್ತು ಅಜ್ಜಿ. ತಾಯಿಯ ಕೈಯಲ್ಲಿ ಒಂದು ಹಳೆಯ ರಿಪೋರ್ಟ್ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಡಿತರ ಚೀಟಿ ಇಟ್ಟುಕೊಳ್ಳುವಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು. ಬೇರೆ ಕಡೆ ಮಾಡಿಸಿದ ಅಲರ್ಜಿ ಟೆಸ್ಟ್. ಅದರಲ್ಲಿ ಹೀಗೆ ಬರೆದಿತ್ತು: ಹಾಲು ಎರಡು ಪ್ಲಸ್, ಮೊಟ್ಟೆ ಒಂದು ಪ್ಲಸ್, ಶೇಂಗಾ ಮೂರು ಪ್ಲಸ್, ಧೂಳು ನಾಲ್ಕು ಪ್ಲಸ್. ಅಷ್ಟೇ. ಎಷ್ಟು ಮಿಲಿಮೀಟರ್ ಅಂತ ಎಲ್ಲೂ ಇಲ್ಲ.

ಆ ಕಾಗದದ ಮೇಲೆ ಹುಡುಗನಿಗೆ 14 ತಿಂಗಳು ಹಾಲು ಬಂದ್, ಮೊಸರು ಬಂದ್, ಶೇಂಗಾ ಚಟ್ನಿ ಬಂದ್. ದಾವಣಗೆರೆಗೆ ಬಂದಾಗ ಬೆಣ್ಣೆ ದೋಸೆಯೂ ಇಲ್ಲ. "ಏನ್ ತಿನ್ನಿಸಬೇಕು ಅಂತಾನೇ ತಿಳೀವಲ್ದು ಅಕ್ಕಾ" ಎಂದರು ತಾಯಿ. ಮೊದಲು ಹಾಲು ಕುಡಿದಾಗ ಏನಾದರೂ ಆಗುತ್ತಿತ್ತಾ ಎಂದು ಕೇಳಿದೆ. ಏನೂ ಆಗುತ್ತಿರಲಿಲ್ಲವಂತೆ. ಹುಡುಗನ ತೊಂದರೆ ಬೆಳಗ್ಗೆ ಎದ್ದ ಕೂಡಲೇ ಬರುವ ಸೀನು, ಕಣ್ಣು ತುರಿಕೆ, ರಾತ್ರಿ ಮೂಗು ಕಟ್ಟುವುದು. ಸೀನಿಗಾಗಿ ಮಾಡಿಸಿದ ಟೆಸ್ಟು ಅವನ ತಟ್ಟೆಯನ್ನೇ ಖಾಲಿ ಮಾಡಿತ್ತು.

ನಾನು 2006ರಿಂದ ಈ ಕೆಲಸದಲ್ಲಿದ್ದೇನೆ. ಕೈ ಮೇಲೆ ಹನಿ ಇಟ್ಟು, ಸಣ್ಣಗೆ ಚುಚ್ಚಿ, ಏಳುವ ದದ್ದನ್ನು ಅಳೆಯುವುದು. ಡಾಕ್ಟರ್ ಏನು ನಿರ್ಧಾರ ಮಾಡುತ್ತಾರೋ ಅದಕ್ಕೆ ಆಧಾರ ನಾನು ಕೊಡುವ ಅಳತೆ. ಆ ಅಳತೆಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಈ ಹುಡುಗ ಬಂದ ಮೇಲೆ ಕೂತು ಬರೆಯುತ್ತಿದ್ದೇನೆ.

ಟೆಸ್ಟ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮುಂಗೈ ಒಳಭಾಗವನ್ನು ಒರೆಸಿ, ಪೆನ್ನಿನಲ್ಲಿ ನಂಬರ್ ಹಾಕುತ್ತೇವೆ. ಮಣಿಕಟ್ಟಿನಿಂದ ಐದು ಸೆಂಟಿಮೀಟರ್, ಮೊಣಕೈ ಮಡಿಕೆಯಿಂದ ಮೂರು ಸೆಂಟಿಮೀಟರ್ ಬಿಡಬೇಕು. ಒಂದೊಂದು ನಂಬರಿನ ಪಕ್ಕ ಅಲರ್ಜಿ ತರುವ ಒಂದೊಂದು ವಸ್ತುವಿನ ದ್ರಾವಣದ ಹನಿ. ಧೂಳಿನ ಹುಳ (ಹಾಸಿಗೆ, ದಿಂಬಿನ ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣದು), ಜಿರಳೆ, ಕಾಂಗ್ರೆಸ್ ಗಿಡದ ಪರಾಗ, ಬಳ್ಳಾರಿ ಜಾಲಿಯ ಪರಾಗ, ಬೂಷ್ಟು, ಹೀಗೆ. ಹನಿಗಳ ನಡುವೆ ಎರಡು ಸೆಂಟಿಮೀಟರ್ ಆದರೂ ಅಂತರ ಇರಬೇಕು, ಇಲ್ಲದಿದ್ದರೆ ಒಂದರ ದದ್ದು ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ. ಹನಿಯ ಮೂಲಕ ಸಣ್ಣ ಸೂಜಿಯಂಥ ಲ್ಯಾನ್ಸೆಟ್‌ನಿಂದ ಚುಚ್ಚಬೇಕು. ರಕ್ತ ಬರಬಾರದು. ಹದಿನೈದು ನಿಮಿಷ ಬಿಟ್ಟು ನೋಡಿದರೆ, ಅಲರ್ಜಿ ಇರುವ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿರುತ್ತದೆ. ಸುತ್ತ ಕೆಂಪಗಾಗಿರುತ್ತದೆ, ನವೆ ಇರುತ್ತದೆ.

ಇದರ ಜೊತೆ ಎರಡು ಹನಿ ಕಡ್ಡಾಯ. ಒಂದು ಹಿಸ್ಟಮಿನ್, ಅಲರ್ಜಿ ಆದಾಗ ನಮ್ಮ ದೇಹವೇ ಬಿಡುವ ರಾಸಾಯನಿಕ. ಇದು ಎಲ್ಲರಿಗೂ ದದ್ದು ಎಬ್ಬಿಸಬೇಕು. ಎಬ್ಬಿಸದಿದ್ದರೆ ಆ ದಿನ ಆ ಚರ್ಮ ಸರಿಯಾದ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ ಅಂತ ಅರ್ಥ. ಇನ್ನೊಂದು ಬರೀ ಸಲೈನ್. ಇದಕ್ಕೆ ದದ್ದು ಏಳಬಾರದು. ಕೆಲವರದ್ದು ಬಹಳ ಸೂಕ್ಷ್ಮ ಚರ್ಮ. ಉಗುರು ಎಳೆದರೆ ಸಾಕು, ಗೆರೆ ಉಬ್ಬುತ್ತದೆ. ಅಂಥವರಿಗೆ ಸಲೈನಿಗೂ ಸ್ವಲ್ಪ ಏಳುತ್ತದೆ. ಅದನ್ನು ಉಳಿದ ಎಲ್ಲದರಿಂದ ಕಳೆಯಬೇಕು. ಸಲೈನ್ ದದ್ದಿಗಿಂತ ಮೂರು ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಪಾಸಿಟಿವ್.

ಮೂರು ಮಿಲಿಮೀಟರ್ ಅಂದರೆ ಎಷ್ಟು ಗೊತ್ತಾ? ಒಂದು ಎಳ್ಳು ಕಾಳಿನ ಉದ್ದ, ಹೆಚ್ಚು ಕಡಿಮೆ ಅಷ್ಟೇ. ಆ ಎಳ್ಳು ಕಾಳಿನಷ್ಟು ಉದ್ದದ ಮೇಲೆ ಒಂದು ಮನೆಯ ಅಡುಗೆ ಬದಲಾಗುತ್ತದೆ.

ನಾನು ಕೆಲಸ ಕಲಿತಾಗ ಅಳೆಯುತ್ತಿದ್ದದ್ದು ಪ್ಲಾಸ್ಟಿಕ್ ಸ್ಕೇಲಿನಲ್ಲಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಪಾರದರ್ಶಕ ಸ್ಕೇಲ್. ದದ್ದಿನ ಅತಿ ಉದ್ದದ ಅಳತೆ ತೆಗೆದುಕೊಳ್ಳಬೇಕು. ಆ ಗೆರೆಯ ಮಧ್ಯದಲ್ಲಿ ಅಡ್ಡಡ್ಡ ಇನ್ನೊಂದು ಅಳತೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಬೇಕು. ಅದೇ ಸರಾಸರಿ ವ್ಯಾಸ. ಉದ್ದ ಎಂಟು, ಅಡ್ಡ ನಾಲ್ಕು ಇದ್ದರೆ ಆರು. ಇವತ್ತಿಗೂ ಹೆಚ್ಚಿನ ಕಡೆ ಇದೇ ಪದ್ಧತಿ. ಪದ್ಧತಿ ತಪ್ಪಲ್ಲ. ಆದರೆ ಅಂಚು ಎಲ್ಲಿದೆ ಅಂತ ತೀರ್ಮಾನಿಸುವುದು ಕಣ್ಣು. ಎರಡು ಜನರ ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲ.

ಒಂದು ಸಲ ನನ್ನದೇ ಕೈ ಮೇಲೆ ಹಿಸ್ಟಮಿನ್ ಚುಚ್ಚಿಕೊಂಡು ನಾವು ಮೂವರು ಬೇರೆ ಬೇರೆಯಾಗಿ ಅಳೆದೆವು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಚೀಟಿಯಲ್ಲಿ ಬರೆದೆವು. ನನ್ನದು ಐದು. ನನ್ನ ಜೊತೆ ಕೆಲಸ ಮಾಡುವ ಹುಡುಗಿಯದ್ದು ಆರೂವರೆ. ಡಾಕ್ಟರದ್ದು ಆರು. ದದ್ದು ಒಂದೇ, ಸ್ಕೇಲೂ ಒಂದೇ. ನಾನು ಗಟ್ಟಿಯಾಗಿ ಉಬ್ಬಿದ್ದಷ್ಟನ್ನೇ ಅಳೆದಿದ್ದೆ. ಅವಳು ಕೆಂಪಿನ ಒಳ ಅಂಚಿನವರೆಗೂ ಹೋಗಿದ್ದಳು. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಎಷ್ಟು ಮಂದಿಗೆ "ಮೂರು" ಅಂತ ಬರೆದಿದ್ದೆ, ಅದರಲ್ಲಿ ಎಷ್ಟು ನಿಜವಾಗಿ ಎರಡು, ಎಷ್ಟು ನಾಲ್ಕು? ತಿರುಗಿ ನೋಡಲು ದಾರಿಯೇ ಇರಲಿಲ್ಲ. ದದ್ದು ಒಂದು ಗಂಟೆಯಲ್ಲಿ ಇಳಿದು ಹೋಗುತ್ತದೆ. ಉಳಿಯುವುದು ನಾವು ಬರೆದ ಅಂಕಿ ಮಾತ್ರ.

ಹಳೆಯ ಫೈಲುಗಳನ್ನು ತೆಗೆದು ನೋಡಿದಾಗ ಇನ್ನೊಂದು ವಿಷಯ ಕಂಡಿತು. ನನ್ನ ಅಳತೆಗಳಲ್ಲಿ ಮೂರು, ಐದು, ಹತ್ತು ಜಾಸ್ತಿ ಇದ್ದವು. ಏಳು, ಒಂಬತ್ತು ಕಡಿಮೆ. ಚರ್ಮಕ್ಕೆ ಐದು ಅಂದರೆ ಪ್ರೀತಿ ಇರುವುದಿಲ್ಲ ಅಲ್ವಾ? ಪ್ರೀತಿ ಇದ್ದದ್ದು ನನ್ನ ಕಣ್ಣಿಗೆ, ಸ್ಕೇಲಿನ ಮೇಲೆ ಉದ್ದವಾಗಿ ಎಳೆದ ಗೆರೆಗಳಿಗೆ.

ಅಲ್ಲಿಂದ ನಾವು ಸೆಲ್ಲೋಟೇಪ್ ಶುರು ಮಾಡಿದೆವು. ಇದು ನಾವು ಕಂಡುಹಿಡಿದದ್ದಲ್ಲ, ಅಲರ್ಜಿ ಕೆಲಸದಲ್ಲಿ ಹಳೆಯ ಪದ್ಧತಿ. ಹದಿನೈದನೇ ನಿಮಿಷಕ್ಕೆ ಸಣ್ಣ ಮೊನೆಯ ಪೆನ್ನಿನಿಂದ ದದ್ದಿನ ಅಂಚಿನ ಸುತ್ತ ಗೆರೆ ಎಳೆಯಬೇಕು. ಅದರ ಮೇಲೆ ಅಗಲದ ಸೆಲ್ಲೋಟೇಪ್ ಮೆತ್ತಗೆ ಒತ್ತಿ ಎತ್ತಬೇಕು. ಶಾಯಿ ಟೇಪಿಗೆ ಬರುತ್ತದೆ. ಟೇಪನ್ನು ಬಿಳಿ ಕಾಗದಕ್ಕೆ ಅಂಟಿಸಿದರೆ ದದ್ದಿನ ಆಕಾರ ಫೈಲಿನಲ್ಲಿ ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ಯಾರು ಬೇಕಾದರೂ ತೆಗೆದು ಇನ್ನೊಮ್ಮೆ ಅಳೆಯಬಹುದು. ನನಗೆ ಇದು ಬಹಳ ದೊಡ್ಡ ಸಮಾಧಾನ ಕೊಟ್ಟಿತು.

ಮೊದಲು ಟೇಪನ್ನು ಗ್ರಾಫ್ ಕಾಗದದ ಮೇಲೆ ಅಂಟಿಸಿ ಚೌಕ ಎಣಿಸುತ್ತಿದ್ದೆವು. ಹೈಸ್ಕೂಲಿನಲ್ಲಿ ಎಲೆಯ ವಿಸ್ತೀರ್ಣ ಕಂಡುಹಿಡಿಯುತ್ತಿದ್ದ ಹಾಗೆ. ಅರ್ಧಕ್ಕಿಂತ ಜಾಸ್ತಿ ಒಳಗಿದ್ದರೆ ಒಂದು, ಕಡಿಮೆ ಇದ್ದರೆ ಬಿಡು. ಮೂರು ಮಿಲಿಮೀಟರ್ ವ್ಯಾಸದ ದದ್ದಿನಲ್ಲಿ ಸುಮಾರು ಏಳು ಚದರ ಮಿಲಿಮೀಟರ್. ಅಂದರೆ ಏಳೇ ಏಳು ಚೌಕ. ಒಂದು ಚೌಕ ಆಚೀಚೆ ಆದರೆ ಎಷ್ಟು ವ್ಯತ್ಯಾಸ ನೋಡಿ.

2016ರಲ್ಲಿ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿದ್ದ. ನಾನು ಮನೆಗೆ ತಂದು ಚೌಕ ಎಣಿಸುವುದನ್ನು ನೋಡಿ, "ಚಿಕ್ಕಮ್ಮ, ಇದನ್ನ ಸ್ಕ್ಯಾನ್ ಮಾಡಿದ್ರೆ ಕಂಪ್ಯೂಟರೇ ಎಣಿಸುತ್ತಲ್ಲ" ಎಂದ. ಇಮೇಜ್‌ಜೆ ಅಂತ ಒಂದು ಸಾಫ್ಟ್‌ವೇರ್ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತಯಾರಾದದ್ದು, ಎಲ್ಲರಿಗೂ ಉಚಿತ. ಮೈಕ್ರೋಸ್ಕೋಪಿನ ಚಿತ್ರಗಳನ್ನು ಅಳೆಯಲು ಜಗತ್ತಿನ ತುಂಬಾ ಬಳಸುತ್ತಾರೆ. ಬಿಲ್ಲಿಂಗ್ ಕೌಂಟರಿನಲ್ಲಿ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಲು ಇಟ್ಟಿದ್ದ ಸ್ಕ್ಯಾನರ್ ಸಾಕಾಯಿತು.

ಲೆಕ್ಕ ಸುಲಭ. ಇಂಚಿಗೆ 300 ಚುಕ್ಕೆ ಅಂತ ಸ್ಕ್ಯಾನ್ ಮಾಡಿದರೆ ಒಂದು ಮಿಲಿಮೀಟರಿಗೆ ಹನ್ನೆರಡಕ್ಕೆ ಸ್ವಲ್ಪ ಕಡಿಮೆ ಚುಕ್ಕೆ. ಒಂದು ಚದರ ಮಿಲಿಮೀಟರಿಗೆ ಸುಮಾರು 140. ನಾನು ಏಳು ಚೌಕ ಎಣಿಸುತ್ತಿದ್ದ ಜಾಗದಲ್ಲಿ ಕಂಪ್ಯೂಟರ್ ಸಾವಿರದ ಹತ್ತಿರ ಚುಕ್ಕೆ ಎಣಿಸುತ್ತದೆ. ಹತ್ತು ಚುಕ್ಕೆ ಆಚೀಚೆ ಆದರೂ ಏನೂ ಆಗುವುದಿಲ್ಲ.

ಆದರೆ ಮೊದಲ ವಾರವೇ ಪೆಟ್ಟು ತಿಂದೆವು. ಅಕ್ಕನ ಮಗ ಹೋಗುವ ಮೊದಲು ಒಂದು ಮಾತು ಹೇಳಿದ್ದ. ಗೊತ್ತಿರುವ ಅಳತೆಯ ಒಂದು ಚೌಕವನ್ನು ಪ್ರತಿ ಹಾಳೆಯಲ್ಲೂ ಇಡಿ, ಮೊದಲು ಅದನ್ನು ಅಳೆಯಿರಿ ಅಂತ. ನಾವು ಹತ್ತು ಮಿಲಿಮೀಟರಿನ ಚೌಕ ಹಾಕಿದೆವು. 100 ಚದರ ಮಿಲಿಮೀಟರ್ ಬರಬೇಕು. ಬಂದದ್ದು 94. ಇನ್ನೊಮ್ಮೆ ಮಾಡಿದರೂ 94. ಸಾಫ್ಟ್‌ವೇರ್ ಸರಿ ಇಲ್ಲ ಅಂತ ಅಂದುಕೊಂಡೆವು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಟೇಪ್ ಅಂಟಿಸಿದ ಮೂಲ ಹಾಳೆ ಫೈಲಿನಲ್ಲೇ ಇರಲಿ ಅಂತ ನಾವು ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸನ್ನು ಸ್ಕ್ಯಾನ್ ಮಾಡುತ್ತಿದ್ದೆವು. ಜೆರಾಕ್ಸ್ ಯಂತ್ರ ಪುಟದೊಳಗೆ ಹಿಡಿಸಲು 97 ಪರ್ಸೆಂಟಿಗೆ ಕುಗ್ಗಿಸುತ್ತಿತ್ತು. ಉದ್ದದಲ್ಲಿ ಮೂರು ಪರ್ಸೆಂಟ್ ಕಡಿಮೆ ಆದರೆ ವಿಸ್ತೀರ್ಣದಲ್ಲಿ ಆರು ಪರ್ಸೆಂಟ್ ಹೋಗುತ್ತದೆ. ಆ ಚೌಕ ಇಲ್ಲದಿದ್ದರೆ ಎಲ್ಲರ ದದ್ದನ್ನೂ ಸಣ್ಣದು ಮಾಡಿ, ದಶಾಂಶದ ಎರಡು ಸ್ಥಾನದವರೆಗೆ ಅಂಕಿ ಬರೆದು, ಬಹಳ ನಿಖರ ಅಂತ ನಂಬಿಕೊಂಡು ಕೂತಿರುತ್ತಿದ್ದೆವು. ನನಗೆ ಈಗಲೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅವತ್ತಿನಿಂದ ಮೂಲ ಹಾಳೆಯನ್ನೇ ಸ್ಕ್ಯಾನರ್ ಮೇಲೆ ಇಡುತ್ತೇವೆ. ಚೌಕ ಇಲ್ಲದ ಹಾಳೆಯನ್ನು ನಾನು ಮುಟ್ಟುವುದಿಲ್ಲ.

ಎರಡನೆಯ ಪಾಠ ಪೆನ್ನಿನ ಗೆರೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ. ಮೂರು ಮಿಲಿಮೀಟರಿನ ದದ್ದಿನ ಸುತ್ತ ಹೊರಗಿನಿಂದ ಗೆರೆ ಎಳೆದರೆ, ಗೆರೆಯ ಹೊರ ಅಂಚಿನಿಂದ ಹೊರ ಅಂಚಿಗೆ ನಾಲ್ಕು ಮಿಲಿಮೀಟರ್ ಆಗುತ್ತದೆ. ವಿಸ್ತೀರ್ಣ ಏಳರಿಂದ ಹನ್ನೆರಡೂವರೆಗೆ ಹೋಗುತ್ತದೆ! ಕಂಪ್ಯೂಟರಿಗೆ ಗೆರೆಯ ಒಳಗಿನದ್ದು ಬೇಕೋ ಹೊರಗಿನದ್ದು ಬೇಕೋ ಗೊತ್ತಿಲ್ಲ. ನಾವೇ ಹೇಳಬೇಕು. ಈಗ ನಮ್ಮ ನಿಯಮ ಒಂದೇ. ಗೆರೆಯ ಒಳ ಅಂಚು ದದ್ದಿನ ಅಂಚಿಗೆ ತಾಗಬೇಕು. ಅಳೆಯುವುದು ಒಳಗಿನ ಬಿಳಿ ಜಾಗವನ್ನು ಮಾತ್ರ. ಸಾಫ್ಟ್‌ವೇರಿನಲ್ಲಿ ವ್ಯಾಂಡ್ ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿ ಗೆರೆಯ ಒಳಗೆ ಕ್ಲಿಕ್ ಮಾಡಿದರೆ ಒಳ ಅಂಚನ್ನು ಅದೇ ಹಿಡಿಯುತ್ತದೆ. ಗೆರೆ ಎಲ್ಲೂ ಬಿಟ್ಟು ಹೋಗಿರಬಾರದು. ಒಂದು ಕೂದಲಿನಷ್ಟು ಸಂದಿ ಇದ್ದರೂ ಆಯ್ಕೆ ಹೊರಗೆ ಸೋರಿ ಇಡೀ ಹಾಳೆ ಹಿಡಿದುಬಿಡುತ್ತದೆ.

ಟೇಪನ್ನು ಎಳೆದು ಅಂಟಿಸಬಾರದು. ಮಗುವಿನ ಕೈ ಗುಂಡಗೆ ಸಣ್ಣದಾಗಿರುತ್ತದೆ, ಟೇಪು ಸುಕ್ಕಾಗುತ್ತದೆ, ಆಗ ತುಂಡು ತುಂಡಾಗಿ ತೆಗೆಯಬೇಕು. ಕೈಯಲ್ಲಿ ಜಾಸ್ತಿ ಕೂದಲಿದ್ದರೆ ಮೊದಲೇ ಬೇರೆ ಜಾಗ ನೋಡಿಕೊಳ್ಳಬೇಕು. ಇವೆಲ್ಲ ಮಾಡುತ್ತಾ ಮಾಡುತ್ತಾ ಬಂದವು.

ಇಷ್ಟೆಲ್ಲ ಕಷ್ಟಪಟ್ಟದ್ದಕ್ಕೆ ಸಿಕ್ಕಿದ್ದೇನು? ದದ್ದಿನ ನಿಜವಾದ ಆಕಾರ. ಸ್ಕೇಲು ಎಲ್ಲ ದದ್ದನ್ನೂ ಗುಂಡಗಿದೆ ಅಂತಲೇ ನಂಬುತ್ತದೆ. ನಿಜವಾದ ದದ್ದು ಹಾಗಿರುವುದಿಲ್ಲ. ಕೆಲವಕ್ಕೆ ಕಾಲು ಬರುತ್ತವೆ. ಚೆಲ್ಲಿದ ಮಜ್ಜಿಗೆಯ ಹಾಗೆ ಒಂದು ಕಡೆ ಹರಿದುಕೊಂಡು ಹೋಗಿರುತ್ತದೆ. ಕಾಂಗ್ರೆಸ್ ಗಿಡದ ಪರಾಗಕ್ಕೆ ಒಬ್ಬರ ಕೈಯಲ್ಲಿ ಅಂಥದ್ದು ಎದ್ದಿತ್ತು. ಕಾಲು ಸೇರಿಸಿ ಉದ್ದ ಹನ್ನೊಂದು, ಅಡ್ಡ ನಾಲ್ಕು. ಸರಾಸರಿ ಏಳೂವರೆ. ಏಳೂವರೆ ವ್ಯಾಸದ ವೃತ್ತ ಅಂದರೆ 44 ಚದರ ಮಿಲಿಮೀಟರ್. ಸ್ಕ್ಯಾನ್ ಮಾಡಿದಾಗ ಬಂದದ್ದು 29. ಅಷ್ಟೇ ವಿಸ್ತೀರ್ಣದ ವೃತ್ತದ ವ್ಯಾಸ ಆರು ಮಾತ್ರ. ಒಂದೂವರೆ ಮಿಲಿಮೀಟರ್ ವ್ಯತ್ಯಾಸ, ಒಂದೇ ದದ್ದಿನಲ್ಲಿ. ಅವರಿಗೆ ಎರಡೂ ಲೆಕ್ಕದಲ್ಲಿ ಪಾಸಿಟಿವ್ವೇ, ಹಾಗಾಗಿ ಔಷಧಿ ಬದಲಾಗಲಿಲ್ಲ. ಆದರೆ ಗಡಿಯಲ್ಲಿ ಇರುವವರಿಗೆ ಬದಲಾಗುತ್ತದೆ.

ಗಡಿ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅಲ್ಲಿನ ಮಕ್ಕಳಲ್ಲಿ ಹಾಲಿಗೆ ಎಂಟು, ಮೊಟ್ಟೆಗೆ ಏಳು, ಶೇಂಗಾಕ್ಕೆ ಎಂಟು ಮಿಲಿಮೀಟರ್ ಅಥವಾ ಹೆಚ್ಚು ದದ್ದು ಎದ್ದವರು ಆ ಆಹಾರ ಕೊಟ್ಟು ನೋಡಿದಾಗ ತೊಂದರೆ ಪಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಅಂಕಿ ಇನ್ನೂ ಕಡಿಮೆ. ಹಾಲಿಗೆ ಆರು, ಮೊಟ್ಟೆಗೆ ಐದು, ಶೇಂಗಾಕ್ಕೆ ನಾಲ್ಕು. ಆ ಅಂಕಿಗಳನ್ನು ಹಾಗೇ ತಂದು ನಮ್ಮ ಮಕ್ಕಳಿಗೆ ಹಚ್ಚಲು ಬರುವುದಿಲ್ಲ. ಬಳಸುವ ದ್ರಾವಣ ಬೇರೆ, ಚುಚ್ಚುವ ಮೊನೆ ಬೇರೆ. ಆದರೆ ಒಂದು ಮಾತು ಅಲ್ಲಿಂದ ಕಲಿಯಬಹುದು. ಮೂರು ಮಿಲಿಮೀಟರಿನ ದದ್ದೂ ಪಾಸಿಟಿವ್, ಎಂಟರದ್ದೂ ಪಾಸಿಟಿವ್. ಆದರೆ ಎರಡೂ ಒಂದೇ ಅಲ್ಲ. ದದ್ದು ದೊಡ್ಡದಾದಷ್ಟೂ ನಿಜವಾದ ಅಲರ್ಜಿ ಇರುವ ಸಂಭವ ಜಾಸ್ತಿ. ಎರಡು ಪ್ಲಸ್, ಮೂರು ಪ್ಲಸ್ ಅಂತ ಬರೆದರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ.

ಇಲ್ಲಿ ಒಂದು ವಿಷಯ ತಪ್ಪು ತಿಳಿಯಬಾರದು. ದದ್ದು ದೊಡ್ಡದಿದೆ ಅಂದರೆ ತೊಂದರೆ ಭಯಂಕರವಾಗಿ ಬರುತ್ತದೆ ಅಂತಲ್ಲ. ಅಲರ್ಜಿ ಇದೆಯೋ ಇಲ್ಲವೋ ಅನ್ನುವುದಕ್ಕೆ ದದ್ದು ಸಾಕ್ಷಿ ಹೇಳುತ್ತದೆ. ಎಷ್ಟು ಜೋರು ಬರುತ್ತದೆ ಅಂತ ಹೇಳುವುದಿಲ್ಲ. ಅದಕ್ಕೇ ಯಾವ ದದ್ದನ್ನೂ ಡಾಕ್ಟರ್ ಬರೀ ಅಂಕಿ ನೋಡಿ ಓದುವುದಿಲ್ಲ. ರೋಗಿಯ ಕಥೆ ಕೇಳಿಯೇ ಓದಬೇಕು.

ಈ ಕೆಲಸದ ಹಳೆಯ ಕಥೆಯೂ ನನಗೆ ಇಷ್ಟ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅಂತ ಒಬ್ಬ ವೈದ್ಯರಿದ್ದರು. ಅವರಿಗೇ ಪರಾಗದ ಸೀನು ಇತ್ತು. ತಮ್ಮ ಕೈ ಚರ್ಮವನ್ನು ತಾವೇ ಗೀರಿಕೊಂಡು, ಅದರ ಮೇಲೆ ಹುಲ್ಲಿನ ಪರಾಗ ಹಚ್ಚಿ, ಏಳುವ ಊತವನ್ನು ನೋಡಿದರು. 1873ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಬರೆದರು. ಅಲರ್ಜಿ ಅನ್ನುವ ಪದವೇ ಆಗ ಇರಲಿಲ್ಲ. ಅದು ಬಂದದ್ದು 1906ರಲ್ಲಿ. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆ ಮ್ಯಾಂಚೆಸ್ಟರಿನವರು ಮಾಡಿದ್ದನ್ನು ಈ ಮ್ಯಾಂಚೆಸ್ಟರಿನಲ್ಲಿ ನಾನು ದಿನಾ ಮಾಡುತ್ತೇನೆ ಅನ್ನುವುದು ನನಗೆ ಖುಷಿ ಕೊಡುತ್ತದೆ.

ಬಹಳ ಜನ ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಫೋನಿನಲ್ಲಿ ಫೋಟೋ ತೆಗೆದರೆ ಆಗುವುದಿಲ್ಲವೇ ಅಂತ. ವಾಟ್ಸ್ಆಪಿನಲ್ಲಿ ಕೈಯ ಫೋಟೋ ಕಳಿಸಿ "ಎಷ್ಟು ಮಿಲಿಮೀಟರ್ ಹೇಳ್ರಿ" ಅನ್ನುವವರೂ ಇದ್ದಾರೆ. ಹೇಳಲು ಬರುವುದಿಲ್ಲ. ಫೋನ್ ಸ್ವಲ್ಪ ಓರೆಯಾದರೆ ಗುಂಡಗಿನ ದದ್ದು ಮೊಟ್ಟೆಯಾಕಾರ ಆಗುತ್ತದೆ. ಪಕ್ಕದಲ್ಲಿ ಸ್ಕೇಲ್ ಇಲ್ಲದಿದ್ದರೆ ಅಳತೆಯೇ ಇಲ್ಲ. ಇನ್ನೊಂದು ಮುಖ್ಯ ವಿಷಯ ನಮ್ಮ ಚರ್ಮದ ಬಣ್ಣ. ಪಾಠದ ಪುಸ್ತಕಗಳ ಫೋಟೋದಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಡೆಯ ಕಪ್ಪು ಚರ್ಮದಲ್ಲಿ ಕೆಂಪು ಅಷ್ಟು ಕಾಣುವುದಿಲ್ಲ. ಉಬ್ಬಿದ್ದು ಮಾತ್ರ ಸಿಗುತ್ತದೆ. ಅದನ್ನು ನಾನು ಕಣ್ಣಿಗಿಂತ ಬೆರಳಿನಲ್ಲಿ ಹುಡುಕುತ್ತೇನೆ. ಟೇಬಲ್ ಲ್ಯಾಂಪನ್ನು ಪಕ್ಕದಿಂದ ಬೀಳುವ ಹಾಗೆ ಇಟ್ಟರೆ ಅಂಚಿಗೆ ನೆರಳು ಬರುತ್ತದೆ. ಬೆರಳ ತುದಿಯನ್ನು ಮೆಲ್ಲಗೆ ಓಡಿಸಿದರೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಗೊತ್ತಾಗುತ್ತದೆ. ಮೇಲಿನಿಂದ ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಆ ಏರಿಳಿತವೇ ಮಾಯ.

ಯುರೋಪಿನಲ್ಲಿ ಈಗ ಚುಚ್ಚುವುದು, ಫೋಟೋ ತೆಗೆಯುವುದು ಎರಡನ್ನೂ ಯಂತ್ರವೇ ಮಾಡುವ ಸಾಧನ ಬಂದಿದೆ. ಉಬ್ಬಿನ ಎತ್ತರವನ್ನೂ ಸೇರಿಸಿ ಮೂರು ಆಯಾಮದಲ್ಲಿ ಅಳೆಯುವ ಪ್ರಯೋಗಗಳೂ ನಡೆದಿವೆ. ಅವು ನಮ್ಮ ಊರಿಗೂ ಬರಲಿ ಅಂತ ಮನಸಾರೆ ಬಯಸುತ್ತೇನೆ. ಬರುವವರೆಗೆ ಪೆನ್ನು, ಟೇಪು, ಸ್ಕ್ಯಾನರು ಇವೆ. ಇವುಗಳ ಖರ್ಚು ಒಬ್ಬ ರೋಗಿಗೆ ಒಂದು ಟೀ ದುಡ್ಡೂ ಆಗುವುದಿಲ್ಲ.

ಸ್ಕ್ಯಾನರ್ ಸರಿಪಡಿಸಲಾರದ ತಪ್ಪುಗಳೂ ಇವೆ. ಚುಚ್ಚುವಾಗ ಒಂದು ಕಡೆ ಜೋರು, ಇನ್ನೊಂದು ಕಡೆ ಮೆತ್ತಗೆ ಆದರೆ ಅಲ್ಲೇ ಕೆಟ್ಟಿತು. ಬೆನ್ನಿನ ಚರ್ಮಕ್ಕೆ ಏಳುವ ದದ್ದು ಕೈಯದ್ದಕ್ಕಿಂತ ದೊಡ್ಡದು, ಹಾಗಾಗಿ ಹೋದ ಸಲ ಕೈ, ಈ ಸಲ ಬೆನ್ನು ಅಂತ ಹೋಲಿಸಬಾರದು. ಸಮಯವೂ ಹಾಗೇ. ಹದಿನಾರು ಹನಿ ಇದ್ದರೆ ಗೆರೆ ಎಳೆಯಲು ನನಗೆ ನಾಲ್ಕು ನಿಮಿಷ ಬೇಕು. ಅದಕ್ಕೆ ಚುಚ್ಚಿದ ಕ್ರಮದಲ್ಲೇ ಗೆರೆ ಎಳೆಯುತ್ತೇನೆ. ಮೊದಲು ಚುಚ್ಚಿದ್ದಕ್ಕೆ ಮೊದಲು ಗೆರೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮಾತ್ರೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಯಜಮಾನರು ಬಂದಿದ್ದರು. ಬಹಳ ಕೆಮ್ಮು, ಮೂಗಿನಲ್ಲಿ ನೀರು. ಟೆಸ್ಟಿಗೆ ಮುಂಚೆ ಒಂದು ವಾರ ಅಲರ್ಜಿ ಮಾತ್ರೆ ತಗೋಬೇಡಿ ಅಂತ ಫೋನಿನಲ್ಲಿ ಹೇಳಿದ್ದೆವು. "ಇಲ್ಲಮ್ಮ, ಅಲರ್ಜಿ ಮಾತ್ರೆ ಮುಟ್ಟಿಲ್ಲ" ಎಂದರು. ಎಲ್ಲವೂ ನೆಗೆಟಿವ್ ಬಂತು. ಹಿಸ್ಟಮಿನ್ ನೋಡಿದರೆ ಅದೂ ಒಂದೇ ಮಿಲಿಮೀಟರ್. ಮತ್ತೆ ಮತ್ತೆ ಕೇಳಿದ ಮೇಲೆ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದರು. "ಇದು ನೆಗಡಿ ಮಾತ್ರೆ ಕಣಮ್ಮ, ಅಲರ್ಜಿದಲ್ಲ." ಸೆಟಿರಿಜಿನ್. ಅದೂ ಅಲರ್ಜಿ ಮಾತ್ರೆಯೇ, ದದ್ದು ಏಳದಂತೆ ತಡೆಯುತ್ತದೆ. ತಪ್ಪು ಅವರದ್ದಲ್ಲ, ನಾವು ಕೇಳಿದ ರೀತಿ ತಪ್ಪು. ಈಗ ನಾವು "ನೆಗಡಿ, ಸೀನು, ತುರಿಕೆ, ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ, ಏನೇ ತಗೊಂಡಿದ್ರೂ ಸ್ಟ್ರಿಪ್ ತನ್ನಿ" ಅನ್ನುತ್ತೇವೆ. ಸಾಮಾನ್ಯ ಕೆಮ್ಮಿನ ಸಿರಪ್ಪಿನಲ್ಲೂ ಇಂಥ ಔಷಧಿ ಇರುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ದದ್ದನ್ನು ತಡೆಯುತ್ತವೆ. ಅವನ್ನು ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಆ ಯಜಮಾನರ ಟೆಸ್ಟನ್ನು ಹತ್ತು ದಿನ ಬಿಟ್ಟು ಮತ್ತೆ ಮಾಡಿದೆವು. ಹಿಸ್ಟಮಿನ್ ಆರು ಬಂತು, ಉಳಿದವು ಎಲ್ಲ ನೆಗೆಟಿವ್. ಭಟ್ಟಿಯ ಹೊಗೆಗೆ ಚುಚ್ಚುವ ಹನಿ ಯಾವುದೂ ಇಲ್ಲ. ಹೊಗೆ ಕೊಡುವ ಕೆಮ್ಮು ಈ ಟೆಸ್ಟಿನಲ್ಲಿ ಸಿಗುವುದಿಲ್ಲ.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ.

ಅವನ ಕೈಗೆ ಎಲ್ಲ ಮತ್ತೆ ಚುಚ್ಚಿದೆ. ಅಜ್ಜಿ ಅವನ ಇನ್ನೊಂದು ಕೈ ಹಿಡಿದುಕೊಂಡು ಕೂತಿದ್ದರು. ತುರಿಸಿಕೊಳ್ಳಬಾರದು ಅಂತ ಹದಿನೈದು ನಿಮಿಷ ಕಥೆ ಹೇಳುತ್ತಿದ್ದರು. ಗೆರೆ ಎಳೆದೆ, ಟೇಪು ತೆಗೆದೆ, ಸ್ಕ್ಯಾನ್ ಮಾಡಿದೆ. ಮೊದಲು ಚೌಕ ಅಳೆದೆ. 100.2 ಬಂತು. ಆಮೇಲೆ ದದ್ದುಗಳು. ಹಿಸ್ಟಮಿನ್ 28.3 ಚದರ ಮಿಲಿಮೀಟರ್, ಅಂದರೆ ವ್ಯಾಸ ಆರು. ಧೂಳಿನ ಹುಳ 8.2 ಮಿಲಿಮೀಟರ್. ಹಾಲು ಮೂರು. ಶೇಂಗಾ 3.9. ಮೊಟ್ಟೆ 2.4.

ಹಾಲು ಮೂರು ಅಂದ ಕೂಡಲೇ ತಾಯಿಯ ಮುಖ ಬಾಡಿತು. ಆದರೆ ಸಲೈನ್ ಇನ್ನೂ ಓದಿರಲಿಲ್ಲ. ಸಲೈನ್ 2.1. ಅವನದ್ದು ಉಗುರೆಳೆದರೆ ಉಬ್ಬುವ ಚರ್ಮ. ಕಳೆದು ನೋಡಿದರೆ ಹಾಲಿಗೆ ಉಳಿದದ್ದು ಒಂದು ಮಿಲಿಮೀಟರೂ ಇಲ್ಲ. ಶೇಂಗಾಕ್ಕೆ ಎರಡೂ ಇಲ್ಲ. ಮೊಟ್ಟೆಗೆ ಏನೂ ಇಲ್ಲ. ಧೂಳಿನ ಹುಳ ಮಾತ್ರ ಕಳೆದ ಮೇಲೂ ಆರು. ಹಳೆಯ ರಿಪೋರ್ಟಿನಲ್ಲಿ ಸಲೈನ್ ಹಾಕಿದ್ದರೋ ಇಲ್ಲವೋ, ಹಾಕಿದ್ದರೆ ಕಳೆದಿದ್ದರೋ ಇಲ್ಲವೋ, ಆ ಕಾಗದದಿಂದ ತಿಳಿಯುವಂತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ತಪ್ಪು ಯಾರಿಗಾದರೂ ಆಗುತ್ತದೆ, ನನಗೂ ಆಗಿದೆ. ಆದರೆ ತಪ್ಪನ್ನು ಹುಡುಕಲು ಇನ್ನೊಬ್ಬರಿಗೆ ದಾರಿ ಬಿಡಬೇಕು. ಹಿಸ್ಟಮಿನ್ ಎಷ್ಟು, ಸಲೈನ್ ಎಷ್ಟು, ಉಳಿದವು ಎಷ್ಟು ಮಿಲಿಮೀಟರ್, ಎಷ್ಟನೇ ನಿಮಿಷಕ್ಕೆ ನೋಡಿದ್ದು. ಇಷ್ಟು ಬರೆಯಲು ಒಂದು ಸಾಲು ಸಾಕು. ನಿಮ್ಮ ಮನೆಯಲ್ಲಿ ಯಾರದ್ದಾದರೂ ಇಂಥ ರಿಪೋರ್ಟ್ ಇದ್ದರೆ ದಯವಿಟ್ಟು ತೆಗೆದು ನೋಡಿ. ಈ ಸಾಲು ಇಲ್ಲದಿದ್ದರೆ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಹಾಗಂತ ಮನೆಗೆ ಹೋಗಿ ಹಾಲು ಕೊಡಿ ಅಂತ ನಮ್ಮ ಡಾಕ್ಟರ್ ಹೇಳಲಿಲ್ಲ. 14 ತಿಂಗಳು ಬಿಟ್ಟಿದ್ದಾನೆ, ನಮ್ಮ ಎದುರಿಗೇ ಕೊಟ್ಟು ನೋಡೋಣ ಎಂದರು. ಮುಂದಿನ ವಾರ ಬೆಳಗ್ಗೆ ಕರೆಸಿದರು. ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಸಿದ್ಧ ಇಟ್ಟುಕೊಂಡು, ಮೊದಲು ಒಂದು ಹನಿ, ಆಮೇಲೆ ಒಂದು ಚಮಚ, ಹೀಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಮಧ್ಯಾಹ್ನದ ಹೊತ್ತಿಗೆ ಒಂದು ಲೋಟ ಹಾಲು ಕುಡಿದ. ಏನೂ ಆಗಲಿಲ್ಲ. ಅಜ್ಜಿ ಅವನ ತಲೆ ಸವರುತ್ತಲೇ ಇದ್ದರು. ಇನ್ನೊಂದು ದಿನ ಶೇಂಗಾ ಕೊಟ್ಟು ನೋಡಿದೆವು, ಅದಕ್ಕೂ ಏನೂ ಆಗಲಿಲ್ಲ. ಈಗ ಧೂಳಿನ ಹುಳಕ್ಕೆ ಚಿಕಿತ್ಸೆ ನಡೆದಿದೆ. ದಿಂಬು, ಹಾಸಿಗೆಗೆ ಕವರು, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಹೊದಿಕೆ ಒಗೆಯುವುದು, ಮೂಗಿಗೆ ಸ್ಪ್ರೇ.

ಶೇಂಗಾದ ದಿನ ಅವನು ಕಂಪ್ಯೂಟರಿನ ಹತ್ತಿರ ಬಂದು ನಿಂತ. ತೆರೆಯ ಮೇಲೆ ಅವನ ದದ್ದುಗಳ ಗೆರೆಗಳಿದ್ದವು. "ದೊಡ್ಡದು ಯಾವ್ದು?" ಎಂದು ಕೇಳಿದ. ಧೂಳಿನ ಹುಳದ್ದು ತೋರಿಸಿದೆ. "ಇದು ನಂದು, ನನಗೆ ಕೊಡ್ರಿ" ಎಂದ. ಮೂಲ ಟೇಪು ಫೈಲಿನಲ್ಲೇ ಇರಬೇಕು, ಕೊಡಲು ಬರುವುದಿಲ್ಲ. ಒಂದು ಪ್ರಿಂಟ್ ತೆಗೆದುಕೊಟ್ಟೆ. ಕೊಡುವ ಮುಂಚೆ ಮೂಲೆಯಲ್ಲಿದ್ದ ಚೌಕದ ಮೇಲೆ ಸ್ಕೇಲ್ ಇಟ್ಟು ನೋಡಿದೆ. 9.7 ಇತ್ತು. ಪ್ರಿಂಟರಿನ ಸೆಟ್ಟಿಂಗ್ ಬದಲಿಸಿ ಇನ್ನೊಂದು ತೆಗೆದೆ. ಅದರಲ್ಲಿ ಹತ್ತಕ್ಕೆ ಹತ್ತು ಬಂತು. ಅದನ್ನು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೋದ.